ದವಡೆರಾಯ ಬಡಿಸಿದ ಊಟ

ಮಕ್ಕಳೇ, ಅಮೆರಿಕದ ದಕ್ಷಿಣ ಭಾಗದಲ್ಲಿ, ಒಂದು ನದಿಯ ದಂಡೆಯಲ್ಲಿ, ದೊಡ್ಡ ಹತ್ತಿಯ ಹೊಲವಿತ್ತು. ಆ ಕಾಲದಲ್ಲಿ ಅಲ್ಲಿ ಮನುಷ್ಯರೇ ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಂಡು, ಚಾವಟಿಯಿಂದ ಹೊಡೆದು ದುಡಿಸುತ್ತಿದ್ದರು. ತಾಯಿಯ ಮಡಿಲಿನಿಂದ ಮಗುವನ್ನು ಕಿತ್ತು ಮಾರುತ್ತಿದ್ದರು. ಆ ಗುಲಾಮಗಿರಿ ಕತೆಯಲ್ಲ, ನಿಜಕ್ಕೂ ಇದ್ದದ್ದು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಕತೆ ನಡೆಯುವುದು ಆ ಹೊಲದ ಬದುವಿನ ಕೆಳಗೆ, ಒಂದು ಇರುವೆ ಗೂಡಿನಲ್ಲಿ. ಅಲ್ಲಿಯೂ ಮೇಲಿನದೇ ಪಾಡು.

ಆ ಗೂಡಿನ ಒಡೆಯರು ಕೆಂಪಿರುವೆಗಳು. ಅವರ ದವಡೆ ಕುಡುಗೋಲಿನಂತೆ ಬಾಗಿತ್ತು. ಕಚ್ಚುವುದಕ್ಕೆ, ಕತ್ತರಿಸುವುದಕ್ಕೆ ಬಹಳ ಚೆನ್ನ. ಒಂದು ಕಾಳು ಅಗಿಯಲು ಮಾತ್ರ ಬಾರದು! ಅದಕ್ಕೇ ಅವರು ಕಪ್ಪಿರುವೆಗಳ ಗೂಡಿನ ಮೇಲೆ ಬಿದ್ದು, ಸಿಕ್ಕವರನ್ನೆಲ್ಲ ಹಿಡಿದು ತಂದು ಗುಲಾಮರನ್ನಾಗಿ ಮಾಡಿಕೊಂಡಿದ್ದರು. ಸುರಂಗ ತೋಡುವುದು, ಉಗ್ರಾಣ ತುಂಬುವುದು, ಕಾಳು ಅಗಿದು ಒಡೆಯರ ಬಾಯಿಗೆ ಇಡುವುದು, ಎಲ್ಲವೂ ಕಪ್ಪಿರುವೆಗಳ ಕೆಲಸ. ಓಡಿಹೋಗಲು ನೋಡಿದವರ ಕಾಲು ಕತ್ತರಿಸುತ್ತಿದ್ದರು.

ಒಡೆಯರಿಗೆಲ್ಲ ಯಜಮಾನ ದವಡೆರಾಯ. ಊಟಕ್ಕೆ ಮೊದಲು ಅವನಿಗೆ ದಿನವೂ ಒಂದು ಶಾಸ್ತ್ರ ನಡೆಯಲೇಬೇಕು.

"ನಿಮ್ಮನ್ನೆಲ್ಲ ಸಾಕುತ್ತಿರುವವರು ಯಾರು?" ಎಂದು ಗದರುತ್ತಿದ್ದ.

"ತಾವೇ, ದೊರೆ!" ಎಂದು ಗುಲಾಮರೆಲ್ಲ ಕೂಗಬೇಕು. ಆಮೇಲೆ ದೊರೆ ಬಾಯಿ ತೆರೆಯುತ್ತಿದ್ದ. ಎಳ್ಳವ್ವ ಎಂಬ ಕಪ್ಪಿರುವೆ ಅಗಿದ ಕಾಳನ್ನು ಆ ಬಾಯಿಗೆ ಇಡುತ್ತಿದ್ದಳು.

ಒಂದು ಬೆಳಿಗ್ಗೆ ತುತ್ತು ನುಂಗುತ್ತ ದವಡೆರಾಯ ಹೇಳಿದ, "ಎಳ್ಳವ್ವಾ, ನಿನ್ನ ಮಗಳು ಸಾಸಿವೆ ಚುರುಕಾಗಿದ್ದಾಳೆ. ನಾಳೆ ಸಂಜೆ ಅವಳನ್ನು ಪಕ್ಕದ ಹೊಲದ ನಮ್ಮ ಬೀಗರಿಗೆ ಉಡುಗೊರೆಯಾಗಿ ಕಳಿಸುತ್ತೇನೆ."

ಎಳ್ಳವ್ವ ಅವನ ಕಾಲಿಗೆ ಬಿದ್ದಳು. "ದೊರೆ, ನನಗಿರೋಳು ಅವಳೊಬ್ಬಳೇ. ಅವಳನ್ನ ಬಿಟ್ಟು ನಾನು ಹೇಗಿರ್ಲಿ?"

"ಗುಲಾಮರಿಗೂ ಮಗಳಂತೆ!" ದವಡೆರಾಯ ನಕ್ಕ. "ಅಗಿ, ಅಗಿ. ಇನ್ನೊಂದು ತುತ್ತು ಕೊಡು."

ಎಳ್ಳವ್ವ ಮೂಲೆಯಲ್ಲಿ ಕೂತು ಅತ್ತಳು. ಅಳು ಮುಗಿದ ಮೇಲೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಒಂದು ಉಪಾಯವೂ ಬಂತು.

ಮಧ್ಯಾಹ್ನದ ಊಟಕ್ಕೆ ಅವಳು ಮೆಲ್ಲಗೆ ಶುರುಮಾಡಿದಳು. "ದೊರೆ, ಒಂದು ಮಾತಿದೆ. ಹೇಳಿದ್ರೆ ತಮಗೆ ಸಿಟ್ಟು ಬರುತ್ತೆ."

"ಹೇಳೇ!"

"ತಮ್ಮ ಬೀಗರು ಆಡ್ಕೊಂಡು ನಗ್ತಾರಂತೆ. ಸಾಕ್ತೀನಿ, ಸಾಕ್ತೀನಿ ಅಂತ ದವಡೆರಾಯರು ಬಾಯಲ್ಲಿ ಹೇಳೋದೇ ಆಯ್ತು, ಒಂದು ದಿನಾನಾದ್ರೂ ಗುಲಾಮರಿಗೆ ಒಂದು ಕಾಳು ಬಡಿಸಿದ್ದಾರಾ, ಅಂತ."

ದವಡೆರಾಯನ ಮೀಸೆ ನೆಟ್ಟಗಾಯಿತು. "ಹಾಗಂದರಾ? ನಾಳೆ ಮಧ್ಯಾಹ್ನವೇ ಔತಣ! ಗುಲಾಮರೆಲ್ಲ ಹೊರಗೆ ಪಂಕ್ತಿಯಲ್ಲಿ ಕೂರಲಿ. ಉಗ್ರಾಣದಿಂದ ನಾವೇ ತಂದು ಬಡಿಸುತ್ತೇವೆ!"

ಮರುದಿನ ಹತ್ತಿ ಗಿಡದ ನೆರಳಲ್ಲಿ ಮುನ್ನೂರು ಕಪ್ಪಿರುವೆಗಳು ಸಾಲಾಗಿ ಕೂತವು. ಅಷ್ಟರಲ್ಲಿ ಎಳ್ಳವ್ವನ ಉಪಾಯ ಅವರೆಲ್ಲರ ಕಿವಿಗೂ ಬಿದ್ದಿತ್ತು. ಎಲ್ಲರೂ ಬಹಳ ಸಾಧುಗಳಂತೆ ಮುಖ ಮಾಡಿಕೊಂಡಿದ್ದರು.

"ಯಜಮಾನರೇ, ಇವರನ್ನು ಕಾಯಲು ಯಾರೂ ಬೇಡವೇ?" ಎಂದು ಒಬ್ಬ ಕೆಂಪಿರುವೆ ಕೇಳಿದ.

"ಕಾಳು ಹೊರಲಾರದ ನಿಶ್ಶಕ್ತರು ಇಲ್ಲೇ ಉಳೀಲಿ ಬಿಡಿ, ದೊರೆ," ಎಂದಳು ಎಳ್ಳವ್ವ.

ನಿಶ್ಶಕ್ತ ಅನ್ನಿಸಿಕೊಳ್ಳಲು ಯಾರು ಒಪ್ಪುತ್ತಾರೆ? ಕೇಳಿದವನೇ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದ.

"ಊಟಕ್ಕೆ ಕೂತವರು ಎದ್ದು ಎಲ್ಲಿಗೆ ಓಡುತ್ತಾರೆ?" ಎನ್ನುತ್ತ ದವಡೆರಾಯನೂ ಒಳಗೆ ಹೋದ.

ಆದರೆ ಉಗ್ರಾಣ ಎಲ್ಲಿದೆ? ಒಡೆಯರಲ್ಲಿ ಒಬ್ಬರೂ ಅತ್ತ ಕಾಲಿಟ್ಟವರಲ್ಲ. ಎಡಕ್ಕೆ ತಿರುಗಿದರೆ ಕಸದ ಗುಂಡಿ. ಬಲಕ್ಕೆ ತಿರುಗಿ, ಸುತ್ತಿ ಸುತ್ತಿ ಬಂದರೆ ಮತ್ತೆ ಅದೇ ಕಸದ ಗುಂಡಿ.

"ಥೂ! ಯಾರು ಈ ಗೂಡು ಕಟ್ಟಿದ್ದು?" ದವಡೆರಾಯ ಕಿರುಚಿದ.

"ನಾನೇ ಕಟ್ಟಿಸಿದ್ದು ಅಂತ ತಾವು ಹೇಳ್ತಿದ್ರಲ್ಲ, ಯಜಮಾನರೇ!"

ಇತ್ತ ಎಳ್ಳವ್ವ ಎದ್ದು ನಿಂತಳು. "ಏಳ್ರಪ್ಪಾ! ಕಾಲಿಲ್ಲದವರನ್ನ ಬೆನ್ನ ಮೇಲೆ ಹೊತ್ಕೊಳ್ಳಿ. ಒಬ್ಬರನ್ನೂ ಬಿಟ್ಟು ಹೋಗೋ ಹಾಗಿಲ್ಲ."

ಸಾಲು ಸರಸರ ಹೊರಟಿತು. ನದಿಗೆ ಅಡ್ಡವಾಗಿ ಬಿದ್ದಿದ್ದ ಮರದ ಮೇಲೆ ಮುನ್ನೂರು ಜನವೂ ದಾಟಿದರು. ಉತ್ತರದ ಕಾಡು ಸೇರಿದ ಮೇಲೆ ಸಾಸಿವೆ ಅವ್ವನನ್ನು ತಬ್ಬಿಕೊಂಡು, "ಅವ್ವಾ, ಸಂಜೆಯಾಯ್ತು. ಆದ್ರೂ ನಾನು ನಿನ್ನ ಹತ್ರಾನೇ ಇದೀನಿ!" ಎಂದಳು. ಎಳ್ಳವ್ವ ಮತ್ತೆ ಅತ್ತಳು, ಈ ಸಲ ಖುಷಿಗೆ.

ಅದೇ ಹೊತ್ತಿಗೆ ಒಡೆಯರಿಗೂ ಉಗ್ರಾಣ ಸಿಕ್ಕಿತು. ಬೆಟ್ಟದಷ್ಟು ಕಾಳು! ಹಸಿವೋ ಹಸಿವು. ದವಡೆರಾಯ ಒಂದು ಕಾಳಿಗೆ ಬಾಯಿ ಹಾಕಿದ. ಅದು ಜಾರಿ ಉರುಳಿತು. ಇನ್ನೊಂದಕ್ಕೆ ಹಾಕಿದ. ಅದೂ ಉರುಳಿತು.

"ಎಳ್ಳವ್ವಾ! ತುತ್ತು!"

ಯಾರೂ ಓಗೊಡಲಿಲ್ಲ. ಒಡೆಯರೆಲ್ಲ ಕಾಳಿನ ರಾಶಿ ಹತ್ತಿ, ಬಾಯಿ ತೆರೆದು ಕೂತರು.

"ಯಜಮಾನರೇ, ಅವರು ಬರದೇ ಹೋದರೆ?"

"ಬರುತ್ತಾರೆ," ಎಂದ ದವಡೆರಾಯ. "ನಾವಿಲ್ಲದೆ ಅವರು ಬದುಕುವುದಾದರೂ ಹೇಗೆ?"

ಹಾಗೆಂದು ಅವನು ಬಾಯಿಯನ್ನು ಇನ್ನೂ ಸ್ವಲ್ಪ ಅಗಲ ತೆರೆದ.

ನೀತಿ: ಗುಲಾಮರನ್ನು ಇಟ್ಟುಕೊಂಡವನು ಅವರನ್ನು ತಾನು ಸಾಕುತ್ತಿದ್ದೇನೆ ಎಂದು ಬೀಗುತ್ತಾನೆ, ನಿಜಕ್ಕೂ ಅವನನ್ನು ಸಾಕುತ್ತಿರುವವರು ಅವರೇ.