ಗೌಡನ ವೇಷ

ಊರೂರು ತಿರುಗಿ ನಾಟಕ ಆಡಿಸುತ್ತಿದ್ದ ಶಿಷ್ಯನೊಬ್ಬ ಗುರುಗಳ ಮುಂದೆ ಕೂತು ಕೇಳಿದ: ‘ಜನ ನಾಟಕ ನೋಡುತ್ತಾರೆ, ಅಳುತ್ತಾರೆ, ಎದ್ದು ಮನೆಗೆ ಹೋಗುತ್ತಾರೆ. ಬೆಳಗಾದರೆ ಊರು ಹೇಗಿತ್ತೋ ಹಾಗೇ ಇರುತ್ತದೆ. ನಾಟಕದಿಂದ ಯಾರಾದರೂ ಬದಲಾದದ್ದು ಉಂಟೆ?’

ಗುರುಗಳು ಈ ಕತೆ ಹೇಳಿದರು.

ಒಬ್ಬ ನಾಟಕದ ಮೇಷ್ಟ್ರಿದ್ದ. ಹಾರ್ಮೋನಿಯಂ ಹೊತ್ತುಕೊಂಡು ಊರಿಂದೂರಿಗೆ ಹೋಗುವುದು, ಅಲ್ಲಿಯ ಜನಕ್ಕೇ ಪದ, ಮಾತು ಕಲಿಸಿ ನಾಟಕ ಕಟ್ಟುವುದು ಅವನ ಕಸುಬು. ಸುಗ್ಗಿ ಮುಗಿದ ಮೇಲೆ ಒಂದು ಊರಿನವರು ಅವನನ್ನು ಕರೆಸಿಕೊಂಡರು. ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಕೇರಿಯ ಆಳುಗಳು ಗೌಡನ ಬೀದಿಗೆ ಕಾಲಿಟ್ಟರೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕು. ಬೀದಿ ದಾಟುವವರೆಗೆ ತಲೆ ಎತ್ತಬಾರದು. ಹೊಲಕ್ಕೆ ಬೇರೆ ದಾರಿ ಇರಲಿಲ್ಲ. ತುಂಬು ಬಸುರಿಯೊಬ್ಬಳು ಬಗ್ಗಲಾರದೆ ಗೋಡೆ ಹಿಡಿದು ನಿಂತು ಚಪ್ಪಲಿ ಕಳಚುತ್ತಿದ್ದುದನ್ನು ಮೇಷ್ಟ್ರು ಬಂದ ದಿನವೇ ಕಂಡ. ಅವನಿಗೆ ಅನ್ನ ಇಳಿಯಲಿಲ್ಲ.

ಅದನ್ನೇ ಅವನು ನಾಟಕ ಮಾಡಿದ. ಒಬ್ಬ ಆಳು ಮೈಮರೆತು ಚಪ್ಪಲಿ ಮೆಟ್ಟಿಕೊಂಡೇ ಗೌಡನ ಬೀದಿ ತುಳಿಯುತ್ತಾನೆ. ಗೌಡ ಅದೇ ಚಪ್ಪಲಿಯನ್ನು ಅವನ ತಲೆ ಮೇಲೆ ಹೊರಿಸಿ ಊರು ಸುತ್ತಿಸುತ್ತಾನೆ. ಆಳು ಮನೆಗೆ ಹೋಗಿ ಹೆಂಡತಿಗೆ ಮುಖ ತೋರಿಸಲಾರದೆ ಹೊರಗೇ ಕೂತು ಹಾಡುತ್ತಾನೆ. ಗೌಡನ ಕಣ್ಣಲ್ಲಿ ನೀರು ಬಂದರೆ ಸಾಕು, ಕಟ್ಟಳೆ ತಾನಾಗಿ ಬಿದ್ದುಹೋಗುತ್ತದೆ ಎಂದು ಮೇಷ್ಟ್ರು ಎಣಿಸಿದ್ದ.

ಗೌಡ ಕತೆ ಕೇಳಿ ತಲೆದೂಗಿದ. ಅವನಿಗೆ ಒಳ್ಳೆಯ ಕಂಠವಿತ್ತು, ಪದಗಳ ಹುಚ್ಚಿತ್ತು. ಪದಗಳೆಲ್ಲ ಆಳಿನ ಪಾತ್ರಕ್ಕೇ ಇದ್ದುದರಿಂದ ಆ ಪಾತ್ರವನ್ನು ತಾನೇ ಮಾಡುತ್ತೇನೆ ಎಂದ. ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಗೌಡನ ವೇಷಕ್ಕೆ ಯಾರೂ ಒಪ್ಪಲಿಲ್ಲ. ಗೌಡರನ್ನು ಎದುರಿಗೆ ನಿಲ್ಲಿಸಿಕೊಂಡು ಬೈಯುವುದು ಹೇಗೆ ಎಂದು ಎಲ್ಲರೂ ಜಾರಿಕೊಂಡರು. ಕೊನೆಗೆ ಗೌಡನೇ, ನಾಟಕದ ಚಪ್ಪರಕ್ಕೆ ಗಳ ಕಟ್ಟುತ್ತಿದ್ದ ತನ್ನ ಆಳು ಜವರನನ್ನು ತೋರಿಸಿ, ‘ಇವನೇ ಮಾಡ್ಲಿ ಬಿಡಿ ಮೇಷ್ಟ್ರೆ. ನಾಟಕ ತಾನೆ’ ಎಂದ.

ಮೊದಮೊದಲು ಜವರನಿಗೆ ಕುರ್ಚಿಯ ಮೇಲೆ ಕೂರಲು ಬರಲಿಲ್ಲ. ತುದಿಯಲ್ಲಿ ಕುಂಡೆ ಊರಿ, ಯಾರಾದರೂ ಬಂದರೆ ಎದ್ದು ನಿಲ್ಲುತ್ತಿದ್ದ. ಬೈಗುಳದ ಮಾತನ್ನು ಬೇಡುವವನಂತೆ ಹೇಳುತ್ತಿದ್ದ. ಆಳಿನ ಪಾತ್ರದಲ್ಲಿ ಬಗ್ಗಿ ನಿಂತಿದ್ದ ಗೌಡನಿಗೆ ರೇಗಿಹೋಯಿತು.

‘ಹಂಗಲ್ಲ ಕಣ್ಲಾ. ನಾನು ಬಯ್ಯೋದು ಹಂಗೇನ್ಲಾ? ಹಿಂದಕ್ಕೆ ಒರಗಿ ಕೂತ್ಕೊ. ದನಿಯ ಹೊಟ್ಟೆಯಿಂದ ತೆಗಿ. ನನ್ನ ಮಕ ನೋಡು.’

‘ನೋಡೋಕಾಗಾಕಿಲ್ಲ ಬುದ್ಧಿ’ ಎಂದ ಜವರ.

‘ಆಗ್ದೆ ಏನು? ನಾಟಕ ಕೆಡಿಸಬೇಡ. ನೋಡು.’

ಜವರ ನೋಡಿದ. ದಿನ ದಿನವೂ ನೋಡಿದ. ಸಂಜೆಯ ತಾಲೀಮಿಗೆ ಬಂದು ಚಪ್ಪಲಿ ಮೆಟ್ಟಿ, ಕುರ್ಚಿಗೆ ಒರಗಿ, ತನ್ನ ಗೌಡನನ್ನು ಹೆಸರು ಹಿಡಿದು ಕೂಗಿದ. ತಾಲೀಮು ಮುಗಿದರೆ ಚಪ್ಪಲಿ ಕೈಯಲ್ಲಿ ಹಿಡಿದು ಮನೆಗೆ ಹೋಗುತ್ತಿದ್ದ. ಮೇಷ್ಟ್ರು ಅವನ ಕಡೆ ಹೆಚ್ಚು ಗಮನ ಕೊಡಲಿಲ್ಲ. ಅವನ ಕಣ್ಣೆಲ್ಲ ಗೌಡನ ಮೇಲಿತ್ತು.

ನಾಟಕ ನಡೆಯಿತು. ಗೌಡ ತಲೆಯ ಮೇಲೆ ಚಪ್ಪಲಿ ಹೊತ್ತು ಹಾಡಿದಾಗ ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಗೌಡನ ಕಣ್ಣಲ್ಲೂ ನಿಜವಾದ ನೀರು ಹರಿಯಿತು. ಮೇಷ್ಟ್ರು ಹಾರ್ಮೋನಿಯಂ ಮೇಲೆ ಕೈ ಇಟ್ಟುಕೊಂಡೇ ಮನಸ್ಸಿನಲ್ಲಿ ಕೈಮುಗಿದ.

ಮಾರನೆಯ ಬೆಳಿಗ್ಗೆ ಆಳುಗಳು ಚಪ್ಪಲಿ ಕೈಯಲ್ಲಿ ಹಿಡಿದು ಅದೇ ಬೀದಿಯಲ್ಲಿ ಹೊಲಕ್ಕೆ ಹೊರಟರು. ಗೌಡ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು, ತನ್ನ ಹಾಡಿನ ಬಗ್ಗೆ ಜನ ಏನೇನು ಹೇಳಿದರು ಎಂದು ವಿಚಾರಿಸುತ್ತಿದ್ದ. ಬೀದಿಯಲ್ಲಿ ನಡೆಯುತ್ತಿದ್ದವರು ಅವನ ಕಣ್ಣಿಗೆ ಬೀಳಲೇ ಇಲ್ಲ. ಮೇಷ್ಟ್ರಿಗೆ ಎದೆ ಒಡೆದಂತಾಯಿತು. ಈ ಊರಿನಲ್ಲಿ ಇನ್ನೊಂದು ಹೊತ್ತು ಇರಬಾರದು ಎಂದು ಗಂಟುಮೂಟೆ ಕಟ್ಟಿದ.

ಆಗ ಜವರ ಬಂದ. ಬೀದಿಯ ತುದಿಯಲ್ಲಿ ನಿಂತು ಎಂದಿನಂತೆ ಚಪ್ಪಲಿಗೆ ಕೈ ಚಾಚಿದ. ಬೆನ್ನು ಅರ್ಧಕ್ಕೆ ಬಗ್ಗಿತು. ಅಲ್ಲಿಂದ ಮುಂದಕ್ಕೆ ಬಗ್ಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು ನೆಟ್ಟಗಾದ, ಚಪ್ಪಲಿ ಮೆಟ್ಟಿಯೇ ನಡೆದ.

‘ಲೋ ಜವರ, ಕಾಲಲ್ಲಿ ಏನ್ಲಾ ಅದು?’ ಎಂದ ಗೌಡ.

ಜವರ ನಿಂತ. ಗೌಡನ ಮುಖ ನೋಡಿದ. ‘ಚಪ್ಪಲಿ, ಗೌಡ್ರೆ. ಹೊಲಕ್ಕೆ ಹೊಂಟಿವ್ನಿ’ ಎಂದ.

ದನಿ ಜೋರಾಗಿರಲಿಲ್ಲ. ಆದರೆ ಹೊಟ್ಟೆಯಿಂದ ಬಂದಿತ್ತು. ಆ ದನಿ ಯಾರದೆಂದು ಗೌಡನಿಗೆ ಗೊತ್ತಾಯಿತು. ಅಷ್ಟರಲ್ಲಿ ಜವರ ಬೀದಿ ದಾಟಿದ್ದ.

ಆ ವರ್ಷ ಗೌಡ ಜವರನಿಗೆ ಕೆಲಸ ಕೊಡಲಿಲ್ಲ. ಅವನು ಪಕ್ಕದ ಊರಿಗೆ ಕೂಲಿಗೆ ಹೋದ. ಮನೆಯಲ್ಲಿ ಎಷ್ಟೋ ದಿನ ಒಲೆ ಉರಿಯಲಿಲ್ಲ. ಆದರೂ ದಿನಾ ಆ ಬೀದಿಯಲ್ಲೇ ಹೋದ, ಹಾಗೇ ಹೋದ. ಆಮೇಲೆ ಅವನ ತಮ್ಮ ಹೋದ. ಆ ಬಸುರಿ ಹೆಂಗಸು ಮಗುವನ್ನು ಎತ್ತಿಕೊಂಡು ಹೋದಳು. ಮುಂದಿನ ಉಳುಮೆಯ ಹೊತ್ತಿಗೆ ಚಪ್ಪಲಿ ಕಳಚುವವರು ಕೇರಿಯಲ್ಲಿ ಯಾರೂ ಉಳಿದಿರಲಿಲ್ಲ. ಹೊಲ ಉಳಲು ಆಳು ಬೇಕಾಗಿತ್ತು. ಗೌಡ ಆ ಮಾತು ಎತ್ತದೆ ಎಲ್ಲರನ್ನೂ ಕರೆದ.

ಗುರುಗಳು ಕತೆ ನಿಲ್ಲಿಸಿದರು.

‘ಹಾಗಾದರೆ ಗೌಡನ ಕಣ್ಣೀರು ಸುಳ್ಳೇ?’ ಎಂದ ಶಿಷ್ಯ.

‘ಸುಳ್ಳಲ್ಲ. ಅವನು ಅತ್ತ, ಮನೆಗೆ ಹೋದ’ ಎಂದರು ಗುರುಗಳು. ಆಮೇಲೆ ಕೇಳಿದರು: ‘ನಿನ್ನ ನಾಟಕಗಳಲ್ಲಿ ಗೌಡನ ವೇಷ ಯಾರದು?’

ಆ ವೇಷವನ್ನು ಶಿಷ್ಯ ಇದುವರೆಗೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.