ಗುರುಪಾದಪ್ಪನ ಗಡಿಗೆ

ಆ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿದವರ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತಿದ್ದವು. ಮುಪ್ಪು ಬರುವ ಮೊದಲೇ ಮೊಣಕಾಲು ಬಾಗುತ್ತಿದ್ದವು. ರಸಾಯನ ವಿಜ್ಞಾನಿ ಗುರುಪಾದಪ್ಪನವರ ತಾಯಿಯೂ ಹಾಗೇ ಬಾಗಿ ನಡೆದವರು. ಅದಕ್ಕೇ ಅವರು ಅರ್ಧ ಆಯುಷ್ಯ ಸವೆಸಿ ಒಂದು ಗಡಿಗೆ ಮಾಡಿದರು. ಅದರೊಳಗೆ ಸುಟ್ಟ ಮಣ್ಣಿನ ಹರಳು. ಮೇಲೆ ನೀರು ಹೊಯ್ದರೆ ಹರಳು ಫ್ಲೋರೈಡನ್ನು ಹಿಡಿದುಕೊಂಡು ಒಳ್ಳೆಯ ನೀರನ್ನು ಕೆಳಗೆ ಬಿಡುತ್ತಿತ್ತು. ಮನೆ ಮನೆಗೂ ಶಾಲೆಗೂ ಗಡಿಗೆ ಹೋಯಿತು. ಜನ ಅದನ್ನು ಗುರುಪಾದಪ್ಪನ ಗಡಿಗೆ ಎಂದೇ ಕರೆದರು.

ಮಗ ಮಹಾಂತೇಶನೂ ಅದೇ ವಿಜ್ಞಾನ ಓದಿ ಅಪ್ಪನ ಪ್ರಯೋಗಾಲಯಕ್ಕೇ ಬಂದ. ಅಪ್ಪ ಪರೀಕ್ಷಿಸಿದ್ದು ಹೊಸ ಗಡಿಗೆಗಳನ್ನು ಮಾತ್ರ. ಮಗ ಹಳೆಯ ಗಡಿಗೆಗಳ ನೀರು ತರಿಸಿ ನೋಡಿದ. ಕೆಲವು ದಿನ ಅಪ್ಪನ ಮುಖ ತಪ್ಪಿಸಿ ಓಡಾಡಿ, ಕೊನೆಗೆ ಹೇಳಿದ:

"ಅಪ್ಪಾ, ಹೊಸಾದ್ದು ಛಲೋ ಸೋಸ್ತದ. ಒಂದು ಬ್ಯಾಸಗಿ ಕಳೆದ್ರ ಹರಳು ಸೋತುಬಿಡ್ತಾವ. ಆಮ್ಯಾಲ ಬರೋದು ಬೋರಿನ ನೀರೇ."

ಗುರುಪಾದಪ್ಪನವರು ನಂಬಲಿಲ್ಲ. ಗಾಜಿನ ಪಾತ್ರೆ ಸರಿಯಾಗಿ ತೊಳೆದಿಲ್ಲವೆಂದು ತಾವೇ ತೊಳೆದು ಪರೀಕ್ಷಿಸಿದರು. ಉತ್ತರ ಅದೇ. ರಾಸಾಯನಿಕ ಹಳೆಯದೆಂದು ಹೊಸದು ತರಿಸಿದರು. ಆಗಲೂ ಅದೇ. ಕೂತರೆ ಏಳುವರು, ಎದ್ದರೆ ಅಂಗಳ ಸುತ್ತುವರು. ಹೆಂಡತಿ ಏನಾಯಿತೆಂದು ಕೇಳಿದರೆ ಸಿಡುಕುವರು. ಮುಂದಿನ ವಾರ ಶಾಲೆಯೊಂದರಲ್ಲಿ ಅವರಿಗೆ ಸನ್ಮಾನವಿತ್ತು. ಅದೊಂದು ಮುಗಿಯಲಿ, ಆಮೇಲೆ ಹೇಳೋಣ ಎಂದರು. ಮಗ ವಾದಕ್ಕಿಳಿಯಲಿಲ್ಲ.

"ಅಲ್ಲೀತನಕ ಅವ್ರು ಅದನ್ನೇ ಕುಡೀತಾರಲ್ಲಪ್ಪಾ," ಅಂದನಷ್ಟೆ.

ಸನ್ಮಾನದ ದಿನ ಹಾರ ಹಾಕಿದರು, ಶಾಲು ಹೊದಿಸಿದರು. ಮುಖ್ಯೋಪಾಧ್ಯಾಯಿನಿ ಲೋಟದಲ್ಲಿ ನೀರು ತಂದು ಮುಂದೆ ಹಿಡಿದು, ಅದು ಅವರದೇ ಗಡಿಗೆಯ ನೀರೆಂದೂ ವರ್ಷಗಳಿಂದ ಶಾಲೆಯ ಮಕ್ಕಳು ಬೇರೆ ನೀರು ಮುಟ್ಟಿಲ್ಲವೆಂದೂ ಹೆಮ್ಮೆಯಿಂದ ಹೇಳಿದರು.

ಗುರುಪಾದಪ್ಪನವರು ಲೋಟವನ್ನು ತುಟಿಯವರೆಗೆ ತಂದರು. ಕುಡಿಯಲಾಗಲಿಲ್ಲ. ಕೆಳಗಿಟ್ಟು ಮೈಕಿನ ಮುಂದೆ ನಿಂತರು.

"ನಾ ಕುಡಿಯಲಾರದ ನೀರು ನಿಮ್ಮ ಮಕ್ಕಳಿಗೆ ಕುಡಿಸೀನಿ. ತಪ್ಪು ನಂದು. ಅದನ್ನ ಕಂಡುಹಿಡಿದವ ನನ್ನ ಮಗ."

ಸಭೆಯಲ್ಲಿ ಗದ್ದಲವಾಯಿತು. ಕೆಲವರು ಬೈದರು. ಕೋಲೂರಿ ಬಂದಿದ್ದ ಮುದುಕರೊಬ್ಬರು ನನ್ನ ಕಾಲು ಯಾರು ಕೊಡುತ್ತೀರಿ ಎಂದು ಕೇಳಿದರು.

ಮರುದಿನದಿಂದ ಅಪ್ಪ ಮಗ ಇಬ್ಬರೂ ಊರೂರು ತಿರುಗಿ ಹಳೆಯ ಹರಳು ಸುರಿದು ಹೊಸದು ತುಂಬತೊಡಗಿದರು. ಎಷ್ಟೋ ಮನೆಗಳ ಬಾಗಿಲು ತೆರೆಯಲಿಲ್ಲ. ತೆರೆದ ಒಂದು ಮನೆಯ ಹೆಂಗಸು ಅನುಮಾನದಿಂದಲೇ ಕೇಳಿದಳು: "ಈ ಹರಳರೆ ಎಷ್ಟು ದಿನ ತಾಳ್ತಾವ್ರಿ?"

ಉತ್ತರಿಸಲು ಬಾಯಿ ತೆರೆದ ಗುರುಪಾದಪ್ಪನವರು ತಡೆದು, ಮಗನ ಹೆಗಲ ಮೇಲೆ ಕೈಯಿಟ್ಟರು.

"ಇವನನ್ನ ಕೇಳವ್ವ," ಅಂದರು.

ನೀತಿ: ತನ್ನ ಹೆಸರಿಗಿಂತ ಸತ್ಯ ದೊಡ್ಡದೆಂದು ಒಪ್ಪುವವನೇ ನಿಜವಾದ ವಿಜ್ಞಾನಿ. ತಪ್ಪು ತೋರಿಸಿದ ಮಗ ವೈರಿಯಲ್ಲ. ಅಪ್ಪನ ಕೆಲಸವನ್ನು ಮುಂದುವರಿಸುವವನು ಅವನೇ.