ರಾಚಮ್ಮನ ಬೀಜದ ಕಾಯಿ

ಹೊಳೆದಂಡೆಯ ಮಠದ ಸ್ವಾಮಿಗಳು, ಎಲ್ಲರ ಬಾಯಲ್ಲಿ ಬುದ್ಧಿಯವರು, ಬದನೆ ಸಸಿಗಳಿಗೆ ನೀರು ಹಾಕುತ್ತಿದ್ದರು. ಶಿಷ್ಯೆ ರಾಚಮ್ಮ ಬಂದು ಅಡ್ಡಬಿದ್ದಳು. ಎದ್ದವಳು ಕೂರಲಿಲ್ಲ.

“ಏನವ್ವ, ಬಂಡಿ ತಪ್ಪಿಹೋಗುತ್ತೆ ಅನ್ನೋ ಹಾಗೆ ನಿಂತಿದ್ದೀಯ?”

“ಬುದ್ಧಿ, ಕೃಷಿ ಮೇಳದಲ್ಲಿ ನನ್ನ ಬದನೆಕಾಯಿಗೇ ಮೊದಲ ಬಹುಮಾನವಂತೆ. ಮೇಳದೋರು ಇವತ್ತು ಹೊಲಕ್ಕೇ ಬಂದು ನೋಡಿಕೊಂಡು ಹೋದರು. ಗೆದ್ದವರಿಗೆ ಮಾರ್ಕೆಟ್ಟಿನ ಒಳಗೆ ಒಂದು ಮಳಿಗೆ.”

ರಾಚಮ್ಮನಿಗೆ ಇದ್ದದ್ದು ಅಂಗೈಯಗಲದ ಹೊಲ. ಮದುವೆಯಾಗಿ ಬಂದಾಗಿನಿಂದ ಮಾರ್ಕೆಟ್ಟಿನ ಗೇಟಿನ ಹೊರಗೆ ಗೋಣಿತಾಟು ಹಾಸಿಕೊಂಡೇ ಮಾರಿದವಳು. ಕಾವಲಿನವನು ಕೋಲೆತ್ತಿದರೆ ಬುಟ್ಟಿ ಎತ್ತಿಕೊಂಡು ಓಡಬೇಕು. ಮಳಿಗೆ ಎಂದರೆ ಅವಳಿಗೆ ತಲೆಯ ಮೇಲೊಂದು ಸೂರು. ‘ಏಳು’ ಎನ್ನುವವರಿಲ್ಲದ ಒಂದು ಜಾಗ.

“ಒಳ್ಳೇದೇ ಆಯ್ತಲ್ಲ.”

“ಒಂದು ಕಟ್ಟುಪಾಡಿದೆ ಬುದ್ಧಿ. ಬಹುಮಾನ ಕೊಡೋರು ಬೀಜದಂಗಡಿ ವಿರೂಪಾಕ್ಷಪ್ಪನೋರು. ನನ್ನ ಬುಟ್ಟಿ ಹಿಂದೆ ಅವರ ಬೋರ್ಡು ನಿಲ್ಲಿಸಬೇಕಂತೆ. ಕೇಳಿದವರಿಗೆ, ಬೀಜ ಅವರ ಅಂಗಡೀದು ಅನ್ನಬೇಕಂತೆ.”

“ಬೀಜ ಯಾರದು?”

“ನಮ್ಮತ್ತೆದು. ಅವರಿಗೆ ಅವರವ್ವ ಕೊಟ್ಟದ್ದು. ನೀವು ನೀರು ಹಾಕ್ತಿರೋದೂ ಅದೇ ಬೀಜದ ಸಸಿಗೇ ಅಲ್ವಾ?”

ಬುದ್ಧಿಯವರು ಸಸಿಯ ಬುಡಕ್ಕೆ ಮಣ್ಣು ಏರಿಸಿದರು.

“ಒಂದು ಬೋರ್ಡು ತಾನೇ ಬುದ್ಧಿ? ಅದನ್ನ ನೋಡಿ ಗಿಡ ಕಾಯಿ ಬಿಡೋದು ನಿಲ್ಲಿಸುತ್ತಾ?”

“ಇಲ್ಲ. ಶಾಲೇಲಿ ನಿನ್ನ ಮಗಳ ಅಪ್ಪನ ಹೆಸರು ಬೇರೆ ಯಾರದೋ ಬರೆಸಿದರೂ ಅವಳು ಬೆಳೆಯೋದು ನಿಲ್ಲಿಸಲ್ಲ.”

ರಾಚಮ್ಮನ ಮುಖ ಕೆಂಪಾಯಿತು.

“ಇದು ಬದನೆಕಾಯಿ ಬುದ್ಧಿ!” ಎಂದಳು. ತಿರುಗಿ ನೋಡದೆ ನಡೆದಳು.

ಮರುದಿನ ಮಾರ್ಕೆಟ್ಟಿನ ಒಳಗೇ ನಡೆದ ಮೇಳದಲ್ಲಿ ಅವಳ ಬುಟ್ಟಿಯ ಹಿಂದೆ ಬೋರ್ಡು ನಿಂತಿತ್ತು. ಬುಟ್ಟಿ ಚಿಕ್ಕದು, ಬೋರ್ಡು ಬಾಗಿಲಷ್ಟು.

ಬುಟ್ಟಿಯಲ್ಲಿ ಗೀರುಗೀರಿನ ಎಳೆ ಬದನೆಕಾಯಿ. ಮೇಲೆ, ಗಿಡದಲ್ಲೇ ಬಿಟ್ಟು ಹಳದಿಯಾಗುವ ತನಕ ಹಣ್ಣಾಗಿಸಿದ ಒಂದು ಬೀಜದ ಕಾಯಿ. ಅದನ್ನು ಹಾಗಿಡುವುದು ಆ ಕಡೆಯ ರೂಢಿ. ಬೀಜ ಬೇಕೆಂದು ಯಾರು ಕೇಳಿದರೂ ಕೊಡಬೇಕು. ಮಾತು ಬಿಟ್ಟವರು ಬಂದು ಕೇಳಿದರೂ ಕೊಡಬೇಕು. ಮಾರುವ ಹಾಗಿಲ್ಲ, ಇಲ್ಲವೆನ್ನುವ ಹಾಗಿಲ್ಲ.

ಪಕ್ಕದ ಬುಟ್ಟಿಯ ಪುಟ್ಟಮಾದಮ್ಮ ಬೋರ್ಡನ್ನು ಮೇಲಿನಿಂದ ಕೆಳಗೆ ನೋಡಿದಳು.

“ಏನೇ ರಾಚಿ, ನಿಮ್ಮತ್ತೆ ಅಂಗಡಿ ಇಟ್ಟಿದ್ರಾ? ನಮಗೆ ಗೊತ್ತೇ ಇರಲಿಲ್ಲ ಬಿಡು.”

ರಾಚಮ್ಮ ಸೆರಗು ಸರಿಮಾಡಿಕೊಂಡಳು.

ಅಷ್ಟರಲ್ಲಿ ಬುದ್ಧಿಯವರು ಬಂದರು. ಬಹುಮಾನ ಹಂಚಲು ಅವರನ್ನೇ ಕರೆಸಿದ್ದರು. ವೇದಿಕೆಯ ಕಡೆ ಹೋಗದೆ ನೇರ ರಾಚಮ್ಮನ ಮುಂದೆ ನಿಂತು ಜೋಳಿಗೆಯ ಬಾಯಿ ತೆರೆದರು.

“ಬೀಜ ಕೊಡು ತಾಯಿ.”

ವಿರೂಪಾಕ್ಷಪ್ಪ ಕೈಮುಗಿದುಕೊಂಡು ಮುಂದೆ ಬಂದ.

“ಬೀಜ ಅಂಗಡೀಲಿ ಸಿಗುತ್ತೆ ಬುದ್ಧಿ. ಮಠಕ್ಕೇ ಪೊಟ್ಟಣ ಕಳಿಸ್ತೀನಿ.”

ಬುದ್ಧಿಯವರು ಅವನತ್ತ ನೋಡಲಿಲ್ಲ. ಜೋಳಿಗೆ ತೆರೆದೇ ಇತ್ತು.

ರಾಚಮ್ಮ ಮಳಿಗೆಯ ಹೆಂಚನ್ನು ನೋಡಿದಳು. ಹೊಸ ಹೆಂಚು. ಕೆಳಗೆ ತಣ್ಣಗೆ ನೆರಳು ಬಿದ್ದಿತ್ತು.

ಆಮೇಲೆ ಬೀಜದ ಕಾಯಿಯನ್ನು ಕೈಗೆತ್ತಿಕೊಂಡು ಎರಡು ಹೋಳು ಮಾಡಿದಳು. ಒಂದು ಹೋಳು ಜೋಳಿಗೆಗೆ ಬಿತ್ತು. ಇನ್ನೊಂದನ್ನು ಎತ್ತಿಹಿಡಿದಳು.

“ನಮ್ಮತ್ತೆ ಬೀಜ! ಯಾರಿಗೆ ಬೇಕೋ ಬನ್ರವ್ವಾ!”

“ಮಳಿಗೆ ಬೇಡ್ವೇನಮ್ಮ ನಿನಗೆ?” ವಿರೂಪಾಕ್ಷಪ್ಪನ ದನಿ ಕೆಳಗಿಳಿದಿತ್ತು.

“ಬೇಕು. ಬೋರ್ಡು ಬೇಡ.”

“ಎರಡೂ ಒಟ್ಟಿಗೇ ಕಣಮ್ಮ.”

“ಹಂಗಾದ್ರೆ ಎರಡನ್ನೂ ನೀವೇ ಮಡಿಕ್ಕಳಿ.”

ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಗೇಟು ದಾಟಿದಳು. ಮೊದಲಿನ ಜಾಗದಲ್ಲೇ ಗೋಣಿತಾಟು ಹಾಸಿದಳು.

ಕಾವಲಿನವನು ರೂಢಿಯಂತೆ ಕೋಲೆತ್ತಿಕೊಂಡು ಬಂದ. ಎತ್ತಿದ ಕೋಲು ಎತ್ತಿದಲ್ಲೇ ನಿಂತಿತು. ಗೋಣಿತಾಟಿನ ಇನ್ನೊಂದು ತುದಿಯಲ್ಲಿ ಬುದ್ಧಿಯವರು ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಕೈಯಲ್ಲಿ ತಕ್ಕಡಿ.

“ಬುದ್ಧಿ, ನೀವು ಒಳಗೆ ಹೋಗಿ,” ರಾಚಮ್ಮ ಪಿಸುಗುಟ್ಟಿದಳು. “ನನ್ನಿಂದ ನಿಮಗೂ ಅವಮಾನ.”

“ಮೊದಲು ಆ ತೂಕದ ಕಲ್ಲು ಕೊಡವ್ವ. ಈ ಅಜ್ಜಿಗೆ ಒಂದು ಕೇಜಿಯಂತೆ.”

ಅಜ್ಜಿಯ ಹಿಂದೆ ಇನ್ನೊಬ್ಬಳು ನಿಂತಳು. ಅವಳ ಹಿಂದೆ ಪುಟ್ಟಮಾದಮ್ಮ ತನ್ನ ಬುಟ್ಟಿಯನ್ನೇ ಹೊತ್ತುಕೊಂಡು ಹೊರಗೆ ಬಂದಳು.

ಒಳಗಿನ ಧ್ವನಿವರ್ಧಕ ಬುದ್ಧಿಯವರ ಹೆಸರು ಕೂಗಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿತು. ಕೊನೆಗೆ ವಿರೂಪಾಕ್ಷಪ್ಪನೇ ಹಾರ ಹಿಡಿದುಕೊಂಡು ಏದುಸಿರು ಬಿಡುತ್ತ ಓಡಿಬಂದ.

“ಬುದ್ಧಿ, ವೇದಿಕೆ ಕಾಯ್ತಾ ಇದೆ. ಜನ ಎಲ್ಲ ಕೂತಿದ್ದಾರೆ. ದಯಮಾಡಿಸಬೇಕು.”

ಬುದ್ಧಿಯವರು ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ.

“ಬದನೆಕಾಯಿ ಬೇಕಾದರೆ ಪುಟ್ಟಮಾದಮ್ಮನ ಹಿಂದೆ ನಿಂತುಕೊಳ್ಳಪ್ಪ.”